(ಅ⁵ + ಅ³) / ಅ³ ಲೆಕ್ಕದಲ್ಲಿ ಮೇಲಿನ ಅ³, ಕೆಳಗಿನ ಅ³ ಎರಡನ್ನೂ ಹೊಡೆದುಹಾಕಿದರೆ ತಪ್ಪೇನು?

ಮಗಳು ಹಾಗೆ ಹೊಡೆದು ಅ⁵ ಅಂತ ಬರೆದಿದ್ದಾಳೆ, ಪುಸ್ತಕದ ಹಿಂದೆ ಅ² + 1 ಅಂತಿದೆ, ಯಾವುದು ಸರಿ ಅಂತ ಸಕಲೇಶಪುರದಿಂದ ಕೇಳಿದ್ದೀರಿ. ಪುಸ್ತಕದ್ದೇ ಸರಿ. ಅನುಮಾನ ಇದ್ದರೆ ಅ ಇರುವ ಕಡೆಯೆಲ್ಲ 2 ಹಾಕಿ: ಮೇಲೆ 32 + 8 = 40, ಕೆಳಗೆ 8, ಉತ್ತರ 5. ಅ² + 1 ಕೂಡ 5. ಅ⁵ ನೋಡಿದರೆ 32.

ನಾನು ಹಾಸನದಲ್ಲಿ ಸಂಜೆ ಹೊತ್ತು ಹೈಸ್ಕೂಲು ಮಕ್ಕಳಿಗೆ ಟ್ಯೂಷನ್ ಹೇಳ್ತೀನಿ. ಘಾತಾಂಕ ಬಂದ ತಕ್ಷಣ ನಿಯಮ ಪಕ್ಕಕ್ಕಿಟ್ಟು ಬಿಡಿಸಿ ಬರೆಸ್ತೀನಿ. ಅ⁵ ಅಂದರೆ ಅ·ಅ·ಅ·ಅ·ಅ. ಕೆಳಗೆ ಅ·ಅ·ಅ ಇದ್ದರೆ ಮೂರು ಜೋಡಿ ಹೋಗಿ ಮೇಲೆ ಎರಡು ಅ ಉಳಿಯುತ್ತೆ. 'ಭಾಗಿಸುವಾಗ ಘಾತಾಂಕ ಕಳೆಯಬೇಕು' ಅನ್ನೋ ನಿಯಮದ ಹೂರಣ ಇಷ್ಟೇ. ಘಾತಾಂಕವನ್ನು ಹೀಗೆ ಮೇಲೆ ಪುಟ್ಟದಾಗಿ ಬರೆಯೋದನ್ನು 1637ರಲ್ಲಿ ಬಳಕೆಗೆ ತಂದ ಫ್ರೆಂಚ್ ಗಣಿತಜ್ಞ ದೆಕಾರ್ತ್ ಕೂಡ ವರ್ಗ ಬಂದಾಗ ಹೆಚ್ಚಾಗಿ ಅಕ್ಷರವನ್ನೇ ಎರಡು ಸಲ ಬರೀತಿದ್ದ. ಇನ್ನು ಮಕ್ಕಳಿಗೇನು ನಾಚಿಕೆ!

ಈ ಜೋಡಿ ಹೋಗೋದು ಗುಣಾಕಾರ ಇದ್ದಾಗ ಮಾತ್ರ. ಅಂಶದಲ್ಲಿ, ಅಂದರೆ ಮೇಲೆ, ಕೂಡೋ ಚಿಹ್ನೆ ಇದ್ದರೆ ಕೆಳಗಿನ ಛೇದ ಎರಡೂ ಪದಗಳನ್ನು ಭಾಗಿಸುತ್ತೆ, ಒಂದನ್ನು ಮಾತ್ರ ಅಲ್ಲ. ಆದ್ದರಿಂದ ಮೊದಲು ಸಾಮಾನ್ಯ ಅಪವರ್ತನ ಹೊರಗೆ ತೆಗೆಸಿ: ಅ³(ಅ² + 1) / ಅ³. ಈಗ ಅ³ ಧಾರಾಳವಾಗಿ ಹೊಡೀಬಹುದು, ಅ ಸೊನ್ನೆ ಆಗಿರಬಾರದು ಅಷ್ಟೆ. ಆವರಣದೊಳಗಿನ ಆ 1 ಮೇಲೆ ಕಣ್ಣಿರಲಿ. ಅ³ / ಅ³ ಹೊಡೆದ ಮೇಲೆ 'ಏನೂ ಉಳಿಯಲಿಲ್ಲ' ಅಂತ ಅದನ್ನು ಬಿಟ್ಟುಬಿಡೋ ಮಕ್ಕಳೇ ಜಾಸ್ತಿ.

ಬರೀ ಗುಣಾಕಾರದ ಲೆಕ್ಕ ಸಲೀಸು. 12ಅ⁵ಬ² / 18ಅ²ಬ⁶ ಅಂದರೆ 2ಅ³ / 3ಬ⁴. ಘಾತ ಎಲ್ಲಿ ದೊಡ್ಡದೋ ಉಳಿಕೆ ಅಲ್ಲೇ. 12, 18 ಮಾತ್ರ ಭಾಗಿಸಬೇಕು, ಕಳೆಯೋದಲ್ಲ.

ಋಣ ಘಾತಾಂಕದ್ದೂ (ಅ⁻¹ ಅಂದರೆ 1/ಅ, ಅ⁻² ಅಂದರೆ 1/ಅ²) ಮುಂದೆ ಬರುತ್ತೆ, ಈಗಲೇ ಹೇಳಿಬಿಡ್ತೀನಿ: (ಅ⁻¹ + ಬ⁻¹) / (ಅ⁻² − ಬ⁻²). ಇಲ್ಲಿ ಅ⁻¹ ಒಂದನ್ನೇ ಎತ್ತಿ ಕೆಳಗೆ ಇಡೋ ಹಾಗಿಲ್ಲ, ಅದೂ ಕೂಡೋ ಚಿಹ್ನೆಯದೇ ತಕರಾರು. ಮೇಲೆ ಕೆಳಗೆ ಎರಡನ್ನೂ ಅ²ಬ² ಇಂದ ಗುಣಿಸಿ. ಮೇಲೆ ಅಬ(ಬ + ಅ), ಕೆಳಗೆ ಬ² − ಅ², ಅಂದರೆ (ಬ − ಅ)(ಬ + ಅ). ಉಳಿಯೋದು ಅಬ / (ಬ − ಅ). ಅ = 1, ಬ = 2 ಹಾಕಿ ತಾಳೆ ನೋಡಲಿ, ಎರಡು ಕಡೆಯೂ 2 ಬರುತ್ತೆ. ಎರಡಕ್ಕೂ ಒಂದೇ ಸಂಖ್ಯೆ ಹಾಕಿಬಿಟ್ಟರೆ ಛೇದ ಸೊನ್ನೆಯಾಗಿ ಲೆಕ್ಕ ಅಲ್ಲೇ ನಿಲ್ಲುತ್ತೆ.