ಎರಡು ವಾರ ಎಂಬ ಮಾತು

ಅವರು ಹಾವೇರಿ ಜಿಲ್ಲೆಯವರು. ಎಆರ್‌ಟಿ ಎಂಬ ಎಚ್‌ಐವಿ ಚಿಕಿತ್ಸೆ ಹಾವೇರಿಯಲ್ಲೇ ಸಿಗುತ್ತದೆ, ಅದೂ ಪುಕ್ಕಟೆ. ಆದರೂ ಬೆಳಗಿನ ಗಾಡಿ ಹಿಡಿದು ಹುಬ್ಬಳ್ಳಿಯಲ್ಲಿ ನಾನು ಆಪ್ತಸಲಹೆ ನೀಡುವ ಕೇಂದ್ರಕ್ಕೆ ಬಂದಿದ್ದರು. ಕಾರಣ ಕೇಳುವ ಅಗತ್ಯವಿರಲಿಲ್ಲ. ಗದಗಿನವರು ಹುಬ್ಬಳ್ಳಿಗೆ ಬರುತ್ತಾರೆ, ಹುಬ್ಬಳ್ಳಿಯವರು ಗದಗಿಗೋ ಬೆಳಗಾವಿಗೋ ಹೋಗುತ್ತಾರೆ. ಔಷಧದ ಸಾಲಿನಲ್ಲಿ ನಿಂತಾಗ ಬೀಗರು ಎದುರಾಗಬಾರದು, ಅಷ್ಟೇ.

ವಯಸ್ಸು ನಲವತ್ತರ ಆಸುಪಾಸು. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಮೆಣಸಿನಕಾಯಿಯನ್ನು ಮಾತ್ರ ಬಿಡಲಾಗಲಿಲ್ಲ. ಈ ಪ್ರಕರಣದಲ್ಲಿ ಅದಕ್ಕೂ ಒಂದು ಪಾತ್ರವಿದೆ.

ಪಕ್ಕೆಯ ಮೇಲೆ ಸರ್ಪಸುತ್ತು ಎದ್ದಿತ್ತು. ಊರಿನಲ್ಲಿ ಕೆಮ್ಮಣ್ಣು ಬಳಿಸಿಕೊಂಡು ಹತ್ತು ದಿನ ಉರಿ ಸಹಿಸಿದರು. ಆಮೇಲೆ ತೋರಿಸಿದ ವೈದ್ಯರು, ಇಷ್ಟು ತೂಕ ಇಳಿದಿದೆ, ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಎಂದರು. ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ನೋಡಿದ ಮೇಲೂ ಉತ್ತರ ಒಂದೇ ಆಗಿತ್ತು. ನನ್ನ ಎದುರು ಕುಳಿತಾಗ ಅವರ ತೂಕ 49 ಕೆಜಿ, ರೋಗ ತಡೆಯುವ ರಕ್ತಕಣಗಳಾದ ಸಿಡಿ4ರ ಎಣಿಕೆ 128. ಆರೋಗ್ಯವಂತರಲ್ಲಿ ಇದು 500ಕ್ಕಿಂತ ಹೆಚ್ಚಿರುತ್ತದೆ. ಕ್ಷಯ ಇರಬಹುದೇ ಎಂದು ಎಕ್ಸ್‌ರೇ, ಕಫ ಎರಡನ್ನೂ ನೋಡಿಯಾಗಿತ್ತು, ಏನೂ ಸಿಕ್ಕಿರಲಿಲ್ಲ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಕೂಡಿದ ದಿನಕ್ಕೊಂದು ಮಾತ್ರೆಯನ್ನು ವೈದ್ಯರು ಬರೆದರು. ಸಿಡಿ4 ಇಷ್ಟು ಇಳಿದಿದ್ದಾಗ ಬೇರೆ ಸೋಂಕು ಹತ್ತದಿರಲೆಂದು ಕೋಟ್ರೈಮಾಕ್ಸಜೋಲ್ ಮಾತ್ರೆಯೂ ಜೊತೆಗಿತ್ತು.

ಹೊರಗಿನ ಬೆಂಚು ಅವರನ್ನು ಅಷ್ಟರೊಳಗೆ ಹೆದರಿಸಿಬಿಟ್ಟಿತ್ತು. ಹದಿನೈದು ವರ್ಷದಿಂದ ಔಷಧ ತೆಗೆದುಕೊಳ್ಳುತ್ತಿರುವ ಹಿರಿಯರೊಬ್ಬರು ಕೆನ್ನೆ ಗುಳಿ ಬಿದ್ದದ್ದನ್ನೂ ಉಗುರು ಕಪ್ಪಾದದ್ದನ್ನೂ ಬಿಡಿಸಿ ಹೇಳಿದ್ದರಂತೆ. ಅವರು ಹೇಳಿದ್ದು ಸುಳ್ಳಲ್ಲ. ಸ್ಟಾವುಡಿನ್ ಕೆನ್ನೆಯ ಕೊಬ್ಬನ್ನು ಕರಗಿಸುತ್ತಿತ್ತು, ಜಿಡೊವುಡಿನ್ ಉಗುರನ್ನು ಕಪ್ಪಾಗಿಸುತ್ತಿತ್ತು, ರಕ್ತವನ್ನೂ ಇಳಿಸುತ್ತಿತ್ತು. ನಮ್ಮ ದೇಶದಲ್ಲಿ 2004ರ ಏಪ್ರಿಲ್‌ನಲ್ಲಿ ಉಚಿತ ಚಿಕಿತ್ಸೆ ಆರಂಭವಾದಾಗ ಇದ್ದದ್ದು ಅಂಥ ಮಾತ್ರೆಗಳೇ. ಅವು ಬೇರೆ, ಇವು ಬೇರೆ ಎಂದು ತಿಳಿಸುವುದರಲ್ಲೇ ನನ್ನ ಅರ್ಧ ಗಂಟೆ ಹೋಯಿತು. ಬೆಂಚಿನ ಮೇಲಿನ ಆಪ್ತಸಲಹೆಗೆ ನನ್ನದಕ್ಕಿಂತ ಬೆಲೆ ಹೆಚ್ಚು. ಅದರ ಮೇಲೆ ನನಗೆ ಸಿಟ್ಟಿಲ್ಲ, ಸ್ವಲ್ಪ ಹೊಟ್ಟೆಕಿಚ್ಚಿದೆ.

ಏಳುವಾಗ ಅವರು ಕೇಳಿದರು: “ತ್ರಾಸು ಎಷ್ಟು ದಿನ?”

ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದೆ. ತಲೆನೋವು, ಓಕರಿಕೆ, ನಿದ್ದೆಗೇಡು ಬರಬಹುದು, ಎರಡು ವಾರದಲ್ಲಿ ಸರಿಹೋಗುತ್ತದೆ, ಹೆದರಬೇಡಿ.

ಹದಿನೈದನೆಯ ದಿನಕ್ಕೆ ಸರಿಯಾಗಿ ಬಂದರು. ಮಾತ್ರೆ ಎಣಿಸೋಣವೆಂದು ಡಬ್ಬಿ ಕೇಳಿದರೆ ಅಂಗಿಯ ಜೇಬಿನಿಂದ ತೆಗೆದದ್ದು ಎಲೆ ಅಡಿಕೆಯ ತಗಡಿನ ಪೆಟ್ಟಿಗೆ. ಮಾತ್ರೆಗಳಿಗೆ ಅಂಚಿನಲ್ಲಿ ಕಾಚಿನ ಬಣ್ಣ ಹತ್ತಿತ್ತು. ಅಸಲು ಡಬ್ಬಿ ನಡೆದಾಗ ಗಲಗಲ ಎನ್ನುತ್ತದೆ, ಮನೆಯಲ್ಲಿ ಕೇಳಿಸುತ್ತದೆ, ಅದಕ್ಕೇ ಬದಲಿಸಿದೆ ಎಂದರು. ಈ ಮಾತ್ರೆಗೆ ತೇವ ಆಗಿಬರುವುದಿಲ್ಲ. ಡಬ್ಬಿಯೊಳಗಿನ ಸಣ್ಣ ಪೊಟ್ಟಣ ಇರುವುದೇ ತೇವ ಹೀರಲು. ಮಾತ್ರೆಗಳನ್ನು ಡಬ್ಬಿಯಲ್ಲೇ ಇಟ್ಟು, ಪೊಟ್ಟಣವನ್ನು ಒಳಗೇ ಬಿಟ್ಟು, ಮೇಲೆ ಒಣ ಅರಳೆಯ ಉಂಡೆ ಒತ್ತಿ ಮುಚ್ಚಳ ಹಾಕಿದರೆ ಸದ್ದಾಗುವುದಿಲ್ಲ. ಈ ಉಪಾಯ ನನಗೆ ಯಾವ ತರಬೇತಿಯಲ್ಲೂ ಸಿಕ್ಕಿದ್ದಲ್ಲ. ಬೆಟಗೇರಿಯ ಒಬ್ಬ ಹೆಣ್ಣುಮಗಳು ಕಲಿಸಿದ್ದು.

ಲೆಕ್ಕದಲ್ಲಿ ಎರಡು ಮಾತ್ರೆ ಹೆಚ್ಚಿಗೆ ಉಳಿದಿದ್ದವು. ಸೋಮವಾರ ಮತ್ತು ಗುರುವಾರ ಮಾರುಕಟ್ಟೆ. ಟೆಂಡರು, ತೂಕ, ಪಟ್ಟಿ ಬರೆಯುವುದು ಮುಗಿಯುವಾಗ ನಡುರಾತ್ರಿ. ಒಂಬತ್ತು ಗಂಟೆಯ ಮಾತ್ರೆ ತಪ್ಪಿದ ಮೇಲೆ ಮುಗಿಯಿತು ಎಂದುಕೊಂಡು ಬಿಟ್ಟಿದ್ದರು. ಹಾಗಲ್ಲ, ನೆನಪಾದ ಕೂಡಲೇ ನುಂಗಬೇಕು, ಮರುದಿನ ಎರಡು ಸೇರಿಸಿ ನುಂಗಬಾರದು, ಅಷ್ಟೇ ನಿಯಮ. ನಿದ್ದೆಯೂ ಕೆಟ್ಟಿತ್ತು. ತೀರಿಹೋದ ಅಣ್ಣ ದಿನವೂ ಕನಸಿನಲ್ಲಿ ಬಂದು ಪಟ್ಟಿಯ ಬಾಕಿ ಕೇಳುತ್ತಿದ್ದನಂತೆ. ಡೊಲುಟೆಗ್ರಾವಿರ್ ಕೆಲವರಿಗೆ ಹೀಗೆ ಕಣ್ಣಿಗೆ ಕಟ್ಟುವ ಕನಸು ತರುತ್ತದೆ. ವೈದ್ಯರನ್ನು ಕೇಳಿ ಸಮಯವನ್ನು ಬೆಳಗಿನ ಏಳಕ್ಕೆ ಬದಲಿಸಿದೆವು. ಮಾರುಕಟ್ಟೆಯ ತೊಡಕೂ ತೀರಿತು, ಅಣ್ಣನೂ ಕೆಲವು ದಿನಗಳಲ್ಲಿ ಬರುವುದನ್ನು ಬಿಟ್ಟ.

ಇನ್ನೊಂದು ಸಂಗತಿ ಮಾತಿನ ನಡುವೆ ಹೊರಬಂತು. ರಾತ್ರಿ ಊಟವಾದ ಮೇಲೆ ಎದೆಯುರಿಗೆಂದು ಗುಲಾಬಿ ಬಣ್ಣದ ಔಷಧ ಎರಡು ಮುಚ್ಚಳ ಕುಡಿಯುತ್ತಿದ್ದರು. ಅದರ ಬೆನ್ನಿಗೇ ಮಾತ್ರೆ. ಅದನ್ನೇಕೆ ಹೇಳಲಿಲ್ಲ ಎಂದರೆ, “ಅದು ಔಷಧ ಅಲ್ಲವಲ್ಲ, ಎಲ್ಲರ ಮನೆಯಲ್ಲೂ ಇರುತ್ತದೆ” ಎಂದರು. ಅದರಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂಗಳು ಹೊಟ್ಟೆಯಲ್ಲಿ ಡೊಲುಟೆಗ್ರಾವಿರನ್ನು ಹಿಡಿದಿಟ್ಟುಕೊಳ್ಳುತ್ತವೆ, ರಕ್ತಕ್ಕೆ ಸೇರಗೊಡುವುದಿಲ್ಲ. ಮಾತ್ರೆ ನುಂಗಿದ ಎರಡು ಗಂಟೆಯ ನಂತರ ಅದನ್ನು ಕುಡಿಯಬಹುದು. ಮೊದಲೇ ಕುಡಿದಿದ್ದರೆ ಮಾತ್ರೆಗೆ ಆರು ಗಂಟೆ ಬಿಡಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳುವವರಿಗೂ ಇದೇ ಅಂತರ. ಊಟದ ಜೊತೆಗಾದರೆ ಒಟ್ಟಿಗೇ ನುಂಗಬಹುದು. ಅಂದಿನಿಂದ ನಾನು “ಬೇರೆ ಔಷಧ ತೆಗೆದುಕೊಳ್ಳುತ್ತೀರಾ” ಎಂದು ಕೇಳುವುದಿಲ್ಲ. “ಎದೆಯುರಿ ಬಂದರೆ ಏನು ಕುಡಿಯುತ್ತೀರಿ, ಶಕ್ತಿಗೆ ಏನು ತಿನ್ನುತ್ತೀರಿ, ಸಕ್ಕರೆ ಕಾಯಿಲೆಗೆ ಏನು ನುಂಗುತ್ತೀರಿ” ಎಂದೇ ಕೇಳುತ್ತೇನೆ. ಕೊನೆಯದನ್ನು ಏಕೆ ಕೇಳುತ್ತೇನೆಂದರೆ, ಡೊಲುಟೆಗ್ರಾವಿರ್ ಜೊತೆಗೆ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿಲಿಗ್ರಾಂ ಮೀರದಂತೆ ವೈದ್ಯರು ನೋಡಿಕೊಳ್ಳಬೇಕಾಗುತ್ತದೆ.

ಇಷ್ಟರ ಮಟ್ಟಿಗೆ ಎಲ್ಲವೂ ಸುಗಮವಾಗಿತ್ತು. ತಿಂಗಳ ಭೇಟಿಗೆ ಅವರು ಬರಲಿಲ್ಲ.

ಒಪ್ಪಿಗೆ ಬರೆದುಕೊಟ್ಟ ಸಂಖ್ಯೆಗೆ ಕರೆ ಮಾಡಿದೆ. ಬೇರೆ ಯಾರಾದರೂ ಎತ್ತಿಕೊಂಡರೆ ಹೇಳಲು ನಮ್ಮಿಬ್ಬರ ನಡುವೆ ಒಂದು ಗುಟ್ಟಿನ ಮಾತಿತ್ತು, ಅದು ಬೇಕಾಗಲಿಲ್ಲ. ಅವರೇ ಎತ್ತಿದರು, ಹೇಳುವ ಮೊದಲೇ ಕೆಮ್ಮಿದರು. ಸಂಜೆಯಾದರೆ ಜ್ವರ, ರಾತ್ರಿ ಅಂಗಿ ತೊಯ್ಯುವಷ್ಟು ಬೆವರು, ಕೊರಳ ಎಡಬದಿಯಲ್ಲಿ ಗೋಲಿಯಷ್ಟು ಗಡ್ಡೆ. ಎಷ್ಟು ದಿನವಾಯಿತು? ಎಂಟೊಂಬತ್ತು ದಿನ. ಏಕೆ ಬರಲಿಲ್ಲ?

“ಎರಡು ವಾರದಲ್ಲಿ ಸರಿಹೋಗುತ್ತದೆ ಅಂದಿದ್ದಿರಿ. ನನ್ನದು ತುಸು ತಡ ಆಗಿರಬೇಕು ಅಂತ ಕಾಯುತ್ತಿದ್ದೆ.” ಕೆಮ್ಮಿಗೆ ಅವರ ಬಳಿ ಬೇರೆ ಕಾರಣವಿತ್ತು. ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣದ ಹೆಸರು ದೊಡ್ಡದು. ಆದರೆ ಫೆಬ್ರುವರಿಯಲ್ಲಿ ಆವಕ ಏರಿದಾಗ ಆ ಪ್ರಾಂಗಣದಲ್ಲಿ ಕೆಮ್ಮದವರು ಯಾರು? ಹಮಾಲರು, ವ್ಯಾಪಾರಿಗಳು, ಚೀಲ ಹೊಲಿಯುವವರು ಎಲ್ಲರೂ ಕೆಮ್ಮುವಲ್ಲಿ ಒಬ್ಬ ಗುಮಾಸ್ತನ ಕೆಮ್ಮು ಎಲ್ಲಿ ಎದ್ದು ಕಾಣಬೇಕು?

ಮರುದಿನ ಬಂದರು. ಗಡ್ಡೆಯಿಂದ ಸೂಜಿಯಲ್ಲಿ ತೆಗೆದ ಮಾದರಿಯಲ್ಲಿ ಕ್ಷಯದ ರೋಗಾಣು ಸಿಕ್ಕಿತು. ಅವರ ಮುಖ ನೋಡಿದಾಗ ತೀರ್ಮಾನ ಮಾಡಿಕೊಂಡೇ ಬಂದಿದ್ದಾರೆ ಎನ್ನಿಸಿತು. “ಮಾತ್ರೆ ಶುರು ಮಾಡಿದ ಮೇಲೇ ಇದು ಬಂತು. ನಿಲ್ಲಿಸಿಬಿಡುತ್ತೇನೆ.”

ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ನಿಜಕ್ಕೂ ಮಾತ್ರೆಯ ನಂತರವೇ ಬಂದದ್ದು. ಯುದ್ಧ, ಸೈನಿಕರು ಎಂಬ ನಮ್ಮ ಮಾಮೂಲಿ ಚಿತ್ರಪಟವನ್ನು ಪಕ್ಕಕ್ಕಿಟ್ಟು ಅವರ ಕಸುಬಿನಲ್ಲೇ ಕೇಳಿದೆ. ನಿಮ್ಮ ಅಂಗಡಿಯಲ್ಲಿ ಎರಡು ವರ್ಷ ಲೆಕ್ಕ ನೋಡುವವರೇ ಇರಲಿಲ್ಲ ಎನ್ನಿ. ಹೊಸ ಗುಮಾಸ್ತ ಬಂದು ವಹಿ ಬಿಚ್ಚಿದ ಮೂರನೆಯ ವಾರಕ್ಕೆ ಹಳೆಯ ಬಾಕಿಯೊಂದು ಮೇಲೆ ಬರುತ್ತದೆ, ಜಗಳವಾಗುತ್ತದೆ. ಬಾಕಿ ಮಾಡಿದವನು ಹೊಸ ಗುಮಾಸ್ತನೇ? ಅವರು ನಗಲಿಲ್ಲ, ಆದರೆ “ಅಲ್ಲ” ಎಂದರು. ಮೈಯೊಳಗೆ ಆದದ್ದೂ ಅದೇ. ಕ್ಷಯ ಮೊದಲೇ ಅಡಗಿ ಕುಳಿತಿತ್ತು. ಅದನ್ನು ಗುರುತಿಸುವ ಶಕ್ತಿಯೇ ದೇಹದಲ್ಲಿ ಇಲ್ಲದ್ದರಿಂದ ಜ್ವರವೂ ಇರಲಿಲ್ಲ, ಗಡ್ಡೆಯೂ ಇರಲಿಲ್ಲ. ಔಷಧದಿಂದ ಆ ಶಕ್ತಿ ಮರಳುತ್ತಲೇ ಗದ್ದಲ ಎದ್ದಿತು. ಸಿಡಿ4 ತೀರ ಇಳಿದಿದ್ದವರಲ್ಲಿ ಮೊದಲ ಮೂರು ತಿಂಗಳು ಹೀಗಾಗುವುದುಂಟು. ಆಗ ಎಚ್‌ಐವಿ ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ಹೊಸ ಗುಮಾಸ್ತನನ್ನು ಓಡಿಸಿದ ಹಾಗೆ.

ಆರು ತಿಂಗಳ ಕ್ಷಯ ಚಿಕಿತ್ಸೆ ಆರಂಭವಾಯಿತು. ಅದರಲ್ಲಿರುವ ರಿಫಾಂಪಿಸಿನ್ ಡೊಲುಟೆಗ್ರಾವಿರನ್ನು ದೇಹದಿಂದ ಬೇಗ ಖಾಲಿ ಮಾಡುತ್ತದೆ. ಆದ್ದರಿಂದ ಬೆಳಗಿನ ಏಳರ ಮಾತ್ರೆಯ ಜೊತೆಗೆ ಸಂಜೆ ಏಳಕ್ಕೆ ಡೊಲುಟೆಗ್ರಾವಿರ್ 50 ಮಿಲಿಗ್ರಾಂನ ಒಂಟಿ ಮಾತ್ರೆ ಸೇರಿತು. ಗುಲಾಬಿ ಔಷಧವನ್ನು ಬಿಡಿಸಿ ವೈದ್ಯರು ಎದೆಯುರಿಗೆ ಬೇರೆ ಮಾತ್ರೆ ಬರೆದರು. ಮೂತ್ರ ಕೆಂಪಾಗುತ್ತದೆ, ರಕ್ತವಲ್ಲ, ರಿಫಾಂಪಿಸಿನ್ನಿನ ಬಣ್ಣ ಎಂದು ಈ ಸಲ ಮೊದಲೇ ಹೇಳಿದೆ.

ನಾನು ನನ್ನ ಮಾತನ್ನು ಬದಲಿಸಿಕೊಂಡದ್ದು ಈ ಪ್ರಕರಣದ ಬಳಿಕ. ಧೈರ್ಯ ಹೇಳುವ ಆತುರದಲ್ಲಿ ನಾನು ಅವರಿಗೆ ಕಾಯುವುದನ್ನು ಕಲಿಸಿದ್ದೆ. ಈಗ ಹೇಳುವುದು ಹೀಗೆ: ಓಕರಿಕೆ, ತಲೆಭಾರ, ಕನಸು, ಹೊಟ್ಟೆ ಸಡಿಲ, ಇವು ಬಂದರೆ ಮಾತ್ರೆ ನಿಲ್ಲಿಸದೆ ಎರಡು ವಾರ ನೋಡೋಣ. ಸಂಜೆಯ ಜ್ವರ, ಹೊಸ ಕೆಮ್ಮು, ಗಡ್ಡೆ, ಏದುಸಿರು, ಕಣ್ಣು ಹಳದಿಯಾಗುವುದು, ವಾಂತಿಯ ಜೊತೆ ಬಿಡದ ತಲೆನೋವು, ಮೈಮೇಲೆ ದದ್ದು ಎದ್ದು ಬಾಯಿ ಹುಣ್ಣಾಗುವುದು, ಇವಕ್ಕೆ ಎರಡು ದಿನವೂ ಕಾಯಬೇಡಿ, ಭೇಟಿಯ ತಾರೀಖನ್ನೂ ನೋಡಬೇಡಿ. ದದ್ದು ಬಂದಾಗ ಜನ ಎಚ್‌ಐವಿ ಮಾತ್ರೆಯನ್ನೇ ದೂರುತ್ತಾರೆ. ಅನೇಕ ಸಲ ಕಾರಣ ಕೋಟ್ರೈಮಾಕ್ಸಜೋಲ್ ಆಗಿರುತ್ತದೆ. ಯಾವುದನ್ನು ನಿಲ್ಲಿಸಬೇಕೆಂದು ವೈದ್ಯರೇ ಹೇಳಬೇಕು. ಬರಲಾಗದಿದ್ದರೆ 1097ಕ್ಕೆ ಕರೆ ಮಾಡಿ, ಅದು ಉಚಿತ, ಕನ್ನಡದಲ್ಲೇ ಕೇಳಬಹುದು.

ಹೆಂಡತಿಯ ವಿಷಯ. ಮೊದಲ ದಿನವೇ “ನೀವೇ ಹೇಳಿಬಿಡಿ” ಎಂದಿದ್ದರು, ಎರಡನೆಯ ಭೇಟಿಯಲ್ಲಿ “ಯಾರೂ ಹೇಳಬೇಡಿ” ಎಂದರು. 2018ರಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆ ಅವರ ಸ್ಥಿತಿಯನ್ನು ಗುಟ್ಟಾಗಿಡಲು ನನ್ನನ್ನು ಕಟ್ಟಿಹಾಕುತ್ತದೆ. ಸಂಗಾತಿಗೆ ತಿಳಿಸಲು ಅದರಲ್ಲಿ ಒಂದು ಇಕ್ಕಟ್ಟಾದ ದಾರಿಯನ್ನೂ ಇಟ್ಟಿದೆ. ಆ ದಾರಿಗೆ ಹೋಗುವ ಮೊದಲು ಅವರ ಬಾಯಿಂದಲೇ ಬರಲಿ ಎಂಬುದು ನನ್ನ ಹಟ. ಅಲ್ಲಿಯವರೆಗೆ ಕಾಂಡೋಮ್ ತಪ್ಪಿಸಬಾರದು ಎಂದು ಪ್ರತಿ ಸಲವೂ ಹೇಳಿದೆ. ಕ್ಷಯ ಅವರ ನಾಲಿಗೆಯನ್ನು ಸಡಿಲಿಸಿತು. ಮನೆಯವರೆಲ್ಲರ ತಪಾಸಣೆಯಾಗಬೇಕು ಎಂದಾಗ ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡಲು ಅವರಿಗೆ ಆಗಲಿಲ್ಲ. ಆಕೆ ಬಂದು ನನ್ನ ಎದುರು ಕುಳಿತು ಕೇಳಿದ ಮೊದಲ ಪ್ರಶ್ನೆ: “ಮತ್ತೆ ಯಾರಿಗೆ ಗೊತ್ತು?” ಆಕೆಯ ಪರೀಕ್ಷೆ ನೆಗೆಟಿವ್ ಬಂತು, ಮೂರು ತಿಂಗಳ ನಂತರದ್ದೂ ಹಾಗೇ. ಅವರಿಬ್ಬರ ನಡುವೆ ಏನೇನು ನಡೆಯಿತೆಂಬುದನ್ನು ಬರೆಯುವುದಿಲ್ಲ. ಒಪ್ಪಿಗೆ ಕೊಟ್ಟವರು ಅವರು, ಆಕೆಯಲ್ಲ.

ಆರನೆಯ ತಿಂಗಳ ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಾಣು ಪತ್ತೆಯಾಗದಷ್ಟು ಇಳಿದಿತ್ತು. ಹೀಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ ಎಂದಾಗ ಅವರು ಮಾತನಾಡದೆ ಚೀಲದಿಂದ ಒಂದು ಉದ್ದನೆಯ ಕಿರ್ದಿ ತೆಗೆದರು. ಕೆಂಪು ಬಟ್ಟೆಯ ರಟ್ಟು. ಮೊದಲ ಭೇಟಿಯ ದಿನದಿಂದ ಪ್ರತಿ ತಾರೀಖಿಗೂ ಒಂದು ಸಾಲು. ಜಮಾ ಕಡೆ ನಾವು ಕೊಟ್ಟ ಎಣಿಕೆ, ಖರ್ಚಿನ ಕಡೆ “ಡಬ್ಬಿ – 1”. ಕ್ಷಯದ ನಂತರ “ಡಬ್ಬಿ – 1, ಕಡ್ಡಿ – 1”. ಡಬ್ಬಿ, ಕಡ್ಡಿ ಎರಡೂ ಬ್ಯಾಡಗಿ ಮೆಣಸಿನಕಾಯಿಯ ತಳಿಗಳು. ಅಂಗಡಿಯ ಮೇಜಿನ ಮೇಲೆ ಆರು ತಿಂಗಳು ಬಿದ್ದಿದ್ದರೂ ಆ ವಹಿಯನ್ನು ಯಾರೂ ಎರಡನೆಯ ಸಲ ನೋಡಿರಲಿಲ್ಲವಂತೆ. ಮೊದಲ ಎರಡು ವಾರದಲ್ಲಿ ತಪ್ಪಿದ ಎರಡು ಮಾತ್ರೆಗಳ ಎದುರು ಕೆಂಪು ಶಾಯಿಯಲ್ಲಿ “ಶಿಲ್ಕು” ಎಂದು ಬರೆದಿತ್ತು.