ಬಾಯಿವರೆಗೆ ಬಂದ ಉತ್ತರ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಸಲಹೆಗೆ ಬಂದವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕ್ರೈಸ್ತ ಸಭೆಯಲ್ಲೇ, ಅಂದರೆ ಚರ್ಚಿನಲ್ಲೇ ಬೆಳೆದವರು, ಅಲ್ಲಿನ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಬೈಬಲ್ ಪಾಠ ಹೇಳುತ್ತಾರೆ. ಆದರೆ ಆಫೀಸಿನಲ್ಲಿ ತಮ್ಮ ನಂಬಿಕೆಯ ಬಗ್ಗೆ ಒಂದು ದಿನವೂ ಬಾಯಿಬಿಟ್ಟವರಲ್ಲ. ತಂದೆ ತೀರಿಕೊಂಡ ಮೇಲೆ ಕೆಲಸಕ್ಕೆ ಮರಳಿದಾಗ ಪಕ್ಕದ ಸೀಟಿನ ಗೆಳತಿ, "ಇಷ್ಟೆಲ್ಲಾ ಆದ್ರೂ ಹೇಗೆ ತಡ್ಕೊಂಡೆ?" ಎಂದು ಕೇಳಿದರಂತೆ. ಪ್ರಾರ್ಥನೆಯೇ ತನ್ನನ್ನು ಹಿಡಿದು ನಿಲ್ಲಿಸಿದ್ದು ಎಂಬ ಮಾತು ಬಾಯಿವರೆಗೆ ಬಂತು. ಅದನ್ನು ನುಂಗಿ, "ಸುಮ್ನೆ ಕೆಲಸದಲ್ಲಿ ಮನಸ್ಸಿಟ್ಟೆ" ಅಂದುಬಿಟ್ಟರು.

ಅಂದಿನಿಂದ ನಿದ್ದೆ ಇಲ್ಲ. ಜನರ ಮುಂದೆ ತನ್ನನ್ನು ನಿರಾಕರಿಸುವವರನ್ನು ತಾನೂ ತಂದೆಯಾದ ದೇವರ ಮುಂದೆ ನಿರಾಕರಿಸುವೆ ಎಂದು ಯೇಸು ಹೇಳಿದ ಮಾತು, ಬೈಬಲಿನ ಮತ್ತಾಯ 10:33, ತಲೆಯಲ್ಲಿ ಸುತ್ತುತ್ತಲೇ ಇತ್ತು. "ನಾನೂ ಪೇತ್ರನ ಹಾಗೇ ಮಾಡಿದೆ ಮೇಡಂ" ಎಂದು ಅತ್ತರು. ಯೇಸುವನ್ನು ಬಂಧಿಸಿದ ರಾತ್ರಿ, ಅವನು ಯಾರೋ ಗೊತ್ತೇ ಇಲ್ಲ ಎಂದ ಶಿಷ್ಯ ಪೇತ್ರ. ಪರಿಹಾರವನ್ನೂ ತಾವೇ ಯೋಚಿಸಿಕೊಂಡು ಬಂದಿದ್ದರು: ಆಫೀಸಿನಲ್ಲಿ ಎಲ್ಲರ ಮೇಜಿನ ಮೇಲೂ ಸುವಾರ್ತೆಯ, ಅಂದರೆ ಯೇಸುವಿನ ಸಂದೇಶದ ಕರಪತ್ರ ಇಡುವುದು.

ಅದಕ್ಕೆ ನಾನು ಬೇಡ ಎಂದೆ. ಅವರ ಕೈಕೆಳಗೆ ಕೆಲಸ ಮಾಡುವವರು ಇದ್ದಾರೆ. ಮೇಲಿನವರು ಕೊಟ್ಟದ್ದನ್ನು ಅವರು ಮನಸ್ಸಿದ್ದು ತಗೊಳ್ಳುತ್ತಾರೋ, ಹೆದರಿ ತಗೊಳ್ಳುತ್ತಾರೋ? ಅದೂ ಅಲ್ಲದೆ, ಅದರಿಂದ ಇವರ ಮನಸ್ಸಿನ ಭಾರ ಇಳಿಯಬಹುದು, ಗೆಳತಿ ಕೇಳಿದ ಪ್ರಶ್ನೆ ಹಾಗೇ ಉಳಿಯುತ್ತದೆ.

"ಹೇಳಿದ್ದರೆ ಏನಾಗುತ್ತೆ ಅಂತ ಭಯ ಆಯ್ತು?" ಎಂದು ಕೇಳಿದೆ. ಮೊದಲು, "ನಗ್ತಾರೆ ಅಂತ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನಿಜವಾದದ್ದು ಹೇಳಿದರು. "ಹಾಗಾದ್ರೆ ನಿನ್ನ ದೇವರು ಅಪ್ಪನ್ನ ಯಾಕೆ ಉಳಿಸ್ಲಿಲ್ಲ ಅಂತ ಕೇಳಿಬಿಟ್ರೆ?" ಅದಕ್ಕೆ ಅವರ ಬಳಿ ಉತ್ತರ ಇರಲಿಲ್ಲ. ಅದು ಅವರದ್ದೇ ಪ್ರಶ್ನೆಯೂ ಆಗಿತ್ತು, ಇದುವರೆಗೆ ಯಾರ ಮುಂದೆಯೂ ಕೇಳಿರಲಿಲ್ಲ ಅಷ್ಟೆ. ಧೈರ್ಯದ ಕೊರತೆ ಎಂದು ಬಂದವರಲ್ಲಿ ನಾನು ಕಂಡದ್ದು ಹೇಳಿಕೊಳ್ಳದೇ ಉಳಿದ ದುಃಖ.

ಹಾಗಾಗಿ ದುಃಖದಿಂದಲೇ ಶುರು ಮಾಡಿದೆವು. ಬೈಬಲಿನ ಕೀರ್ತನೆ 13 ಓದಿದೆವು. "ಎಷ್ಟರ ವರೆಗೆ?" ಎಂದು ದೇವರನ್ನೇ ಮತ್ತೆ ಮತ್ತೆ ಕೇಳುವ ಪ್ರಾರ್ಥನೆ ಅದು. ದೇವರ ವಾಕ್ಯದಲ್ಲೇ ಇಂಥ ಪ್ರಶ್ನೆಗೆ ಜಾಗ ಇದೆ ಎಂದು ಅವರಿಗೆ ತಿಳಿಯಬೇಕಿತ್ತು. ಆಮೇಲೆ ಯೋಹಾನ 9. ಯೇಸು ಕಣ್ಣು ಕೊಟ್ಟ ಹುಟ್ಟುಕುರುಡನನ್ನು ಫರಿಸಾಯರು, ಅಂದರೆ ಯೆಹೂದಿ ಧರ್ಮದ ಮುಖಂಡರು ಗದರಿಸಿ ಕೇಳಿದಾಗ, ಅವನು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ. ತಾನು ಕುರುಡನಾಗಿದ್ದೆ, ಈಗ ಕಾಣುತ್ತೇನೆ, ಇಷ್ಟು ಗೊತ್ತು ಎಂದ. ಸಾಕ್ಷಿ ಅಂದರೆ ಇಷ್ಟೇ ಅಲ್ವಾ?

ಪೇತ್ರನ ವಿಷಯವನ್ನೂ ಪೂರ್ತಿ ನೋಡಿ ಎಂದೆ. ಮೂರು ಸಲ ನಿರಾಕರಿಸಿದವನನ್ನು ಯೇಸು ಕರೆದು, "ನನ್ನನ್ನು ಪ್ರೀತಿಸುತ್ತೀಯಾ?" ಎಂದು ಮೂರು ಸಲ ಕೇಳಿದ. ತನ್ನ ಕುರಿಗಳನ್ನೂ, ಅಂದರೆ ತನ್ನನ್ನು ನಂಬಿದವರನ್ನೂ ಅವನಿಗೇ ಒಪ್ಪಿಸಿದ. ನಿಮ್ಮ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಹೇಳಲು ಸಿದ್ಧವಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ ಹೇಳಿ ಎಂಬ ಮಾತು ಬರುವುದೂ ಪೇತ್ರನ ಮೊದಲ ಪತ್ರದಲ್ಲೇ (3:15).

ಗೆಳತಿಯ ಹತ್ತಿರ ಹೋಗಿ, "ಅವತ್ತು ನಿಜ ಹೇಳಲಿಲ್ಲ, ಈಗ ಹೇಳಲಾ?" ಎಂದು ಕೇಳಿ ಎಂದೆ. ಬೇಡ ಅಂದರೆ ಅಲ್ಲಿಗೇ ಬಿಡಿ. ಹೂಂ ಅಂದರೆ ನಡೆದದ್ದನ್ನಷ್ಟೇ ಹೇಳಿ, ಒಪ್ಪಿಸಲು ಹೋಗಬೇಡಿ. ಅಪೊಸ್ತಲರ ಕೃತ್ಯಗಳು 4ರಲ್ಲಿ ಬೆದರಿಕೆ ಬಂದಾಗ ವಿಶ್ವಾಸಿಗಳು ಒಟ್ಟಿಗೆ ಸೇರಿ ಧೈರ್ಯ ಬೇಡಿಕೊಂಡರು. ನೀವೂ ಸಭೆಯಲ್ಲಿ ಒಬ್ಬರಿಗಾದರೂ ಹೇಳಿ, ಜೊತೆಗೆ ಪ್ರಾರ್ಥಿಸಿ ಎಂದೆ.

ಅವರು ಹೇಳಿದರು. ಭಯಪಟ್ಟಿದ್ದ ಪ್ರಶ್ನೆಯೇ ಬಂತು. "ಗೊತ್ತಿಲ್ಲ. ನಾನೂ ದೇವರನ್ನ ಅದನ್ನೇ ಕೇಳ್ತಿದ್ದೀನಿ. ಆದ್ರೆ ಆ ರಾತ್ರಿಗಳಲ್ಲಿ ನಾನು ಒಬ್ಬಳೇ ಇರ್ಲಿಲ್ಲ" ಎಂದರಂತೆ. ಗೆಳತಿ ನಗಲಿಲ್ಲ. ತನ್ನ ತಾಯಿಯ ಕಾಯಿಲೆಯ ಬಗ್ಗೆ ಮೊದಲ ಸಲ ಮಾತಾಡಿದರು. ನಂಬಿಕೆಯ ಮಾತು ಅಲ್ಲಿಂದ ಮುಂದೆ ಹೋಗಿಲ್ಲ, ಇವರೂ ಒತ್ತಾಯಿಸಿಲ್ಲ. ಈಗ ನಿದ್ದೆ ಬರುತ್ತಿದೆ. ನಮ್ಮ ಭೇಟಿಗಳಲ್ಲಿ ಈಗ ಜಾಸ್ತಿ ಮಾತಾಡುವುದು ಅವರ ತಂದೆಯ ಬಗ್ಗೆ.