ಅಪಾಯಕಾರಿ ತ್ಯಾಜ್ಯದ ಲೆಕ್ಕ ಆನ್‌ಲೈನ್ ಮಾಡುವ ಮೊದಲು ರಿಜಿಸ್ಟರ್ ಸರಿಮಾಡಿಕೊಳ್ಳಿ

ಬಳ್ಳಾರಿಯಲ್ಲಿ ಜೀನ್ಸ್ ವಾಷಿಂಗ್ ಘಟಕ ಇದೆ, ಅಪಾಯಕಾರಿ ತ್ಯಾಜ್ಯದ ಕಾಗದಪತ್ರ ಎಲ್ಲಾ ಆನ್‌ಲೈನ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಕೊಪ್ಪಳದ ಗಿಣಿಗೇರಾ ಕಡೆ ಒಂದು ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಪರಿಸರದ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಬಳಸಿದ ಎಣ್ಣೆ, ನಿಮ್ಮಲ್ಲಿ ಇಟಿಪಿ, ಅಂದರೆ ಕೊಳೆ ನೀರು ಶುದ್ಧ ಮಾಡುವ ಘಟಕದ ಕೆಸರು. ಮಾಲು ಬೇರೆ, ಲೆಕ್ಕ ಒಂದೇ.

ಈಗಲೇ ಕಂಪ್ಯೂಟರ್ ಮುಂದೆ ಕೂರಬೇಡಿ. ತ್ಯಾಜ್ಯದ ಲೆಕ್ಕ ಬರೆಯುವ ಫಾರಂ 3ರ ರಿಜಿಸ್ಟರ್ ತೆಗೆಯಿರಿ. ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಅನುಮತಿ ಪತ್ರವನ್ನು ಪಕ್ಕಕ್ಕೆ ಇಟ್ಟುಕೊಂಡು ಸಾಲುಸಾಲಾಗಿ ಹೋಲಿಸಿ.

ನಾವು ಒದ್ದಾಡಿದ್ದು ಇಲ್ಲೇ. ಸ್ಟೋರ್‌ನವರು ಎಣ್ಣೆಯನ್ನು ಬ್ಯಾರಲ್ ಲೆಕ್ಕದಲ್ಲಿ ಬರೆಯುತ್ತಿದ್ದರು. ಗಾಡಿ ಜೊತೆ ಹೋಗುವ ಸಾಗಣೆ ಪತ್ರ ಮ್ಯಾನಿಫೆಸ್ಟ್‌ನಲ್ಲಿ ಲೀಟರ್, ಅನುಮತಿಯಲ್ಲಿ ಟನ್. ಅರ್ಧ ತುಂಬಿದ ಬ್ಯಾರಲ್ಲೂ ಪುಸ್ತಕದಲ್ಲಿ ಒಂದು ಬ್ಯಾರಲ್ಲೇ. ಕಾಗದದಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆನ್‌ಲೈನ್ ತುಂಬಲು ಕೂತಾಗ ಹುಟ್ಟಿದ್ದು, ಕಳಿಸಿದ್ದು, ಉಳಿದದ್ದು ತಾಳೆಯಾಗಲೇ ಇಲ್ಲ. ಎರಡು ವಾರ ಹಳೇ ವೇ ಬ್ರಿಜ್ ಚೀಟಿ ಹುಡುಕಿದೆವು.

ನಿಮಗೆ ಇದಕ್ಕಿಂತ ಜಾಸ್ತಿ ತೊಂದರೆ ಆಗಬಹುದು. ಕೆಸರು ಹಸಿಯಿದ್ದಾಗಿನ ತೂಕ ಬೇರೆ, ಬೆಡ್‌ನಲ್ಲಿ ಒಣಗಿದ ಮೇಲಿನ ತೂಕ ಬೇರೆ. ಹಸಿ ತೂಕ ಬರೆದು ಒಣಗಿದ್ದನ್ನು ಕಳಿಸಿದರೆ, ನಡುವಿನ ಮಾಲು ಎಲ್ಲಿ ಹೋಯಿತು ಅಂತ ಯಾರಾದರೂ ಕೇಳೇ ಕೇಳುತ್ತಾರೆ, ಅಲ್ವಾ? ಒಣಗಿಸಿ ಚೀಲಕ್ಕೆ ತುಂಬಿದ ಮೇಲೆ ತೂಗಿ, ಆ ತೂಕವನ್ನೇ ಎಲ್ಲಾ ಕಡೆ ಬರೆಯಿರಿ. ವರ್ಗ ಸಂಖ್ಯೆಯನ್ನೂ ನೋಡಿಕೊಳ್ಳಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಮೊದಲ ಅನುಸೂಚಿಯಲ್ಲಿ ತ್ಯಾಜ್ಯ ನೀರು ಶುದ್ಧೀಕರಣದ ರಾಸಾಯನಿಕ ಕೆಸರು 35.3, ಬಳಸಿದ ಎಣ್ಣೆ 5.1.

ಆಮೇಲೆ ಮ್ಯಾನಿಫೆಸ್ಟ್, ಅಂದರೆ ಫಾರಂ 10. ಏಳು ಪ್ರತಿ, ಏಳು ಬಣ್ಣ. ಬಿಳಿ ಮಂಡಳಿಗೆ, ಹಳದಿ ನಮಗೆ. ಮಾಲು ತಲುಪಿದ ಮೇಲೆ ಪಡೆದವರು ಸಹಿ ಹಾಕಿ ನಮಗೆ ವಾಪಸ್ ಕಳಿಸುವುದು ನೀಲಿ. ನನ್ನ ಮಟ್ಟಿಗೆ ಇಡೀ ಕಟ್ಟಿನಲ್ಲಿ ದೊಡ್ಡ ಕಾಗದ ಅದೇ. ನಮ್ಮ ಫೈಲ್‌ನಲ್ಲಿ ಹುಡುಕಿದಾಗ ಐದು ನೀಲಿ ಪ್ರತಿಗಳೇ ಇರಲಿಲ್ಲ. ಆ ಗಾಡಿಗಳು ಮುಟ್ಟಬೇಕಾದ ಜಾಗ ಮುಟ್ಟಿದವಾ, ಯಾವುದಾದರೂ ಹಳ್ಳಕ್ಕೆ ಸುರಿದು ಬಂದವಾ? ನಮ್ಮ ಹಳ್ಳಗಳ ನೀರು ಕೊನೆಗೆ ಸೇರುವುದು ತುಂಗಭದ್ರೆಗೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಡೆದವರ ಹತ್ತಿರ ಪ್ರತಿ ತರಿಸಿಕೊಂಡ ಮೇಲೆಯೇ ಸಮಾಧಾನ ಆಯಿತು. ನೀವೂ ಹಳೇ ನೀಲಿ ಪ್ರತಿಗಳನ್ನು ಮೊದಲು ಎಣಿಸಿ. ಆನ್‌ಲೈನ್ ಆದ ಮೇಲೂ ಗಾಡಿಯಲ್ಲಿ ಮ್ಯಾನಿಫೆಸ್ಟ್ ಪ್ರತಿ ಕೊಟ್ಟು ಕಳಿಸಿ, ಸುಮ್ನೆ ಮೊಬೈಲ್ ಫೋಟೋ ಮೇಲೆ ನಂಬಿಕೆ ಇಡಬೇಡಿ.

ಇಷ್ಟಾದರೆ ಮಂಡಳಿಯ ಪೋರ್ಟಲ್‌ನಲ್ಲಿ ತುಂಬುವುದು ಕಷ್ಟವಲ್ಲ. ಲಾಗಿನ್‌ಗೆ ಕಂಪನಿಯದೇ ಮೊಬೈಲ್ ಸಂಖ್ಯೆ, ಕಂಪನಿಯದೇ ಇಮೇಲ್ ಕೊಡಿ. ನಮ್ಮಲ್ಲಿ ಕೆಲಸ ಬಿಟ್ಟು ಹೋದವರ ನಂಬರ್ ಇತ್ತು. ಅದನ್ನು ಬದಲಾಯಿಸಲು ಪತ್ರ ಹಿಡಿದು ಓಡಾಡಬೇಕಾಯಿತು.

ಫಾರಂ 4, ಅಂದರೆ ವಾರ್ಷಿಕ ವರದಿ, ಜೂನ್ 30ರೊಳಗೆ ಹೋಗಬೇಕು. ಏಪ್ರಿಲ್‌ನಲ್ಲೇ ಮುಗಿಸಿಬಿಡಿ. ಹಾಗೇ ಗೋದಾಮಿಗೂ ಒಮ್ಮೆ ಹೋಗಿ ಬನ್ನಿ. ಕೆಸರಿನ ಚೀಲ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ದಿನಾಂಕ ಬರೆಯದ ಚೀಲ ಕಂಡರೆ ಇವತ್ತೇ ಬರೆಸಿ.